ಏನು ಕಾಣೆಯಾಯಿತು?

ಮಂಗಳವಾರ, ಹನ್ನೊಂದನೇ ತಾರೀಖು

ನಮ್ಮ ಶಿಶುವಿಹಾರದಲ್ಲಿ ಮಾತೇ ಆಡದ ಪುಟ್ಟಿ, ನನ್ನ ಗೂಬೆಮರಿ, ಇವತ್ತು ಬಾಯಿಬಿಟ್ಟಳು. ಕುಣಿಯಬೇಕಾದ ನಾನು ಹೆದರಿ ಕೂತಿದ್ದೇನೆ.

ನಾನು ದಿನಾ ಆಡಿಸುವ ಆಟ ಇಷ್ಟೇ: ತಟ್ಟೆಯಲ್ಲಿ ಐದು ವಸ್ತು ಇಡುವುದು, ಮಕ್ಕಳು ಕಣ್ಣು ಮುಚ್ಚಿದಾಗ ಒಂದನ್ನು ಬಚ್ಚಿಟ್ಟು ಯಾವುದೆಂದು ಕೇಳುವುದು. ನೆನಪು, ಗಮನ ಚುರುಕಾದರೆ ಮಾತು ಹಿಂದೆಯೇ ಬರುತ್ತದೆಂದು ಅವಳಮ್ಮನಿಗೆ ಧೈರ್ಯ ಹೇಳಿದವಳು ನಾನೇ. ಆದರೆ ಮಗು ವರ್ಷವಿಡೀ ಬರೀ ಬೆರಳು ತೋರಿಸುತ್ತಿದ್ದಳು.

ಇವತ್ತು, "ಮಿಸ್, ಈಗ ನೀವು ಕಣ್ಮುಚ್ಚಿ" ಅಂದಳು. ಕಣ್ಣು ಬಿಟ್ಟರೆ ಐದೂ ಇದ್ದವು.

"ಎಲ್ಲಾ ಇದೆಯಲ್ಲೇ!"

"ತಟ್ಟೇಲಲ್ಲ ಮಿಸ್. ಕೇಳಿಸ್ಕೊಳ್ಳಿ."

ಗೋಡೆ ಗಡಿಯಾರ ನಿಂತಿತ್ತು.

ಆಗಿನಿಂದ ಎಲ್ಲಿ ಕೂತರೂ ಏನೋ ಕಾಣೆಯಾಗಿದೆ ಅನ್ನಿಸುತ್ತಿದೆ. ಈಗ ಮನೆಯಲ್ಲೂ ಅಷ್ಟೇ. ದೀಪ ಇದೆ, ಬೀಗದಕೈ ಇದೆ, ಚಿಲಕ ಹಾಕಿದೆ. ಕಣ್ಮುಚ್ಚಿ ಕೇಳಿಸಿಕೊಂಡೆ. ಪಕ್ಕದ ಕೋಣೆಯಿಂದ ದಿನಾ ಗೋಡೆ ನಡುಗಿಸುವ ಅಮ್ಮನ ಗೊರಕೆ ಇವತ್ತು—