ಚಿತ್ರದಲ್ಲಿ ಇಲ್ಲದ ಕಣ

ಮಾರ್ಚ್ ೧೨, ಬುಧವಾರ

ಇವತ್ತು ಮ್ಯಾನೇಜರ್ ಜೊತೆ ಜಗಳವೇ ಆಗುವುದರಲ್ಲಿತ್ತು. ಸ್ತನದ ಎಕ್ಸ್‌ರೇ ತೆಗೆಯುವ ಯಂತ್ರದಲ್ಲಿ ಚಿತ್ರ ಹಿಡಿಯುವ, ಆಸ್ಪತ್ರೆಗೆ ಹೋಗುವ ಮುನ್ನ ನಾನು ಪರೀಕ್ಷಿಸಬೇಕಾದ ಹೊಸ ಡಿಟೆಕ್ಟರ್‌ನಲ್ಲಿ ಒಂದು ಕಡೆ ನಾಲ್ಕಾರು ಪಿಕ್ಸೆಲ್‌ಗಳು ಒಟ್ಟಿಗೆ ಸತ್ತಿವೆ, ಅಲ್ಲಿ ಏನೂ ದಾಖಲಾಗುವುದಿಲ್ಲ.

"ಅಕ್ಕಪಕ್ಕದ್ದು ನೋಡ್ಕೊಂಡು ಸಾಫ್ಟ್‌ವೇರೇ ಆ ಜಾಗ ತುಂಬುತ್ತಲ್ಲ, ಪಾಸ್ ಮಾಡಿಬಿಡಿ. ಬೇಗ ಕಳಿಸಿ ಅಂತ ಆಸ್ಪತ್ರೆಯವರು ನನ್ನ ಪ್ರಾಣ ತಿಂತಿದ್ದಾರೆ," ಎಂದರು.

ಮಾತಿನಲ್ಲಿ ಗೆಲ್ಲುವವಳಲ್ಲ ನಾನು. ಡಿಟೆಕ್ಟರ್‌ನ ಕಣ್ಣು ಎಷ್ಟು ಚುರುಕು ಎಂದು ಅಳೆಯಲು ನಾನೇ ಮಾಡಿದ ಅಕ್ರಿಲಿಕ್ ಬಿಲ್ಲೆ ತಂದೆ. ಅದರೊಳಗೆ ಉಪ್ಪಿನ ಹರಳಿಗಿಂತ ಸಣ್ಣ ಸುಣ್ಣದ ಕಣಗಳಿವೆ. ಸ್ತನ ಕ್ಯಾನ್ಸರ್ ಶುರುವಾಗುವಾಗ ಕಾಣುವಂಥವು. ತೀರಾ ಸಣ್ಣ ಕಣವನ್ನು ಸರಿಯಾಗಿ ಆ ಸತ್ತ ಜಾಗದ ಮೇಲೆ ಬರುವಂತೆ ಇಟ್ಟು ಚಿತ್ರ ತೆಗೆದೆ. ಚಿತ್ರ ನುಣ್ಣಗೆ, ಚೆಂದವಾಗಿ ಬಂತು. ಕಣ ಮಾತ್ರ ಇರಲಿಲ್ಲ. ಬಿಲ್ಲೆಯನ್ನು ಉಗುರಂಚಿನಷ್ಟು ಸರಿಸಿ ಮತ್ತೆ ತೆಗೆದೆ. ಈಗ ಕಣ ಎದ್ದು ಕಂಡಿತು.

ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಎರಡನ್ನೂ ನೋಡಿದರು.

"ವಾಪಸ್ ಕಳಿಸಿ. ಆಸ್ಪತ್ರೆಯವರ ಹತ್ರ ನಾನೇ ಬೈಸ್ಕೋತೀನಿ."

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಪಾಪ, ಅವರೂ ಕೆಟ್ಟವರಲ್ಲ.

ಊಟವಾದ ಮೇಲೆ ಅತ್ತಿಗೆ ಫೋನ್ ಮಾಡಿದ್ದರು. ನಾಳೆ ಅವರಿಗೂ ಇದೇ ಪರೀಕ್ಷೆ.

"ತುಂಬಾ ನೋಯುತ್ತೇನೇ?"

"ಸ್ವಲ್ಪ ಹೊತ್ತು ಒತ್ತಿ ಹಿಡೀತಾರೆ ಅತ್ತಿಗೆ, ಅಷ್ಟೆ."

"ಅಷ್ಟೇ ತಾನೆ," ಎಂದು ನಿರಾಳವಾದರು. ಯಂತ್ರಕ್ಕೆ ಎಲ್ಲ ಕಾಣುತ್ತದೆಯೇ ಎಂದು ಅವರು ಕೇಳಲಿಲ್ಲ. ಯಾರೂ ಕೇಳುವುದಿಲ್ಲ. ನಾನೂ ಹೇಳಲಿಲ್ಲ. ಅವರು ಹೋಗುವ ಆಸ್ಪತ್ರೆಯ ಡಿಟೆಕ್ಟರ್ ನಮ್ಮದಲ್ಲ. ಅದನ್ನು ಯಾರು ಪಾಸ್ ಮಾಡಿದರೋ, ಆ ದಿನ ಅವರಿಗೆ ಎಷ್ಟು ಅವಸರವಿತ್ತೋ...