ನಾಯಿಗೆ ಹೇಳಿದ ಮಾತುಗಳು

ಬಾಯ್ಸಿ, ಐಡಹೊ
೧೪ ಅಕ್ಟೋಬರ್ ೧೯೫೬, ಭಾನುವಾರ

ಪ್ರೀತಿಯ ಡೊಮಿನಿಕಾ ಅಕ್ಕನಿಗೆ,

ನಿನ್ನ ಎರಡೂ ಕೆನ್ನೆಗೆ ಇಲ್ಲಿಂದಲೇ ಮುತ್ತು. ಬೈಯಬೇಡ ಅಂತ ಕೇಳುವುದಿಲ್ಲ, ಬೈಯುವ ಹಕ್ಕು ನಿನಗಿದೆ. ಆದರೆ ಪೂರ್ತಿ ಓದಿ ಆಮೇಲೆ ಬೈಯಿ. ನಿನ್ನ ಕಾಗದ ಬೇಸಿಗೆಯಲ್ಲೇ ಬಂದಿತ್ತಂತೆ. ನಾನಾಗ ಊರಲ್ಲಿರಲಿಲ್ಲ. ಕಳಿಸಿದರೆ ದಾರಿಯಲ್ಲಿ ಕಳೆದೀತು ಅಂತ ಹಿಲಾರಿಯಾ ಅದನ್ನು ಅಡುಗೆಮನೆಯ ಮಾತೆಯ ಪಟದ ಹಿಂದೆ ಸಿಕ್ಕಿಸಿಟ್ಟಿದ್ದರು. ನಾನು ಬಿಚ್ಚಿದಾಗ ನಿನ್ನ ಅಕ್ಷರಕ್ಕೆಲ್ಲ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಅಳು ಬರುವ ಬದಲು ಹಸಿವಾಯಿತು.

ಭಾವನ ಸೊಂಟನೋವು ಹೇಗಿದೆ? ಈ ವರ್ಷ ಸಾರ್ಡೀನು ಚೆನ್ನಾಗಿ ಬಿತ್ತಾ? ಬಲೆ ರಿಪೇರಿಗೆ ನನ್ನ ಜಾಗದಲ್ಲಿ ಯಾರು ಕೂರುತ್ತಾರೆ? ಯಾರೇ ಕೂರಲಿ, ಗಂಟು ನನ್ನಷ್ಟು ಬಿಗಿಯಾಗಿ ಹಾಕುವುದಿಲ್ಲ ಅಂತ ಬರೆದುಬಿಡು, ಸುಳ್ಳಾದರೂ ಪರವಾಗಿಲ್ಲ.

ಇಲ್ಲಿ ಕುರಿಗಾಹಿಗಳೆಲ್ಲ ಬೆಟ್ಟ ಇಳಿದು ಬರುತ್ತಿದ್ದಾರೆ. ಹಿಲಾರಿಯಾ ನಡೆಸುವ ಊಟ-ವಸತಿಯ ಮನೆಯಲ್ಲಿ ಮಂಚಗಳೆಲ್ಲ ಭರ್ತಿ. ನಿನ್ನೆಯಿಡೀ ಕೆಂಪು ಮೆಣಸಿನಕಾಯಿ ರುಬ್ಬಿ, ಹಂದಿಮಾಂಸಕ್ಕೆ ಕಲಸಿ, ಕರುಳಿಗೆ ತುಂಬಿದೆವು. ಕೈ ಇನ್ನೂ ಉರಿಯುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ನೀನು ಕೇಳಿದ್ದೆ: "ಇಸಿದ್ರೊ ಹೇಗಿದ್ದಾನೆ? ಊರಿನ ಬಗ್ಗೆ, ರೈಲಿನ ಬಗ್ಗೆ, ರೊಟ್ಟಿಯ ಬಗ್ಗೆ ಬರೀತೀಯ, ಗಂಡನ ಬಗ್ಗೆ ಒಂದು ಸಾಲೂ ಯಾಕಿಲ್ಲ?" ಬರೆಯಲು ಏನೂ ಇರಲಿಲ್ಲ ಅಕ್ಕ. ಈಗ ಇದೆ.

ನಾನು ಮಾರ್ಚಿನಲ್ಲಿ ರೈಲಿಳಿದಾಗ ಹಿಲಾರಿಯಾ ಒಬ್ಬರೇ ಬಂದಿದ್ದರು. ಕುರಿಗಳು ಮರಿ ಹಾಕುವ ಕಾಲ, ಇಸಿದ್ರೊ ಬರುವ ಹಾಗಿರಲಿಲ್ಲ. ಊರು ಗೆರ್ನಿಕಾಗಿಂತ ದೊಡ್ಡದು, ಬಿಲ್ಬಾವೊಗಿಂತ ಚಿಕ್ಕದು. ಯಾವ ಬೀದಿಯಲ್ಲಿ ನಿಂತು ನೋಡಿದರೂ ಕೊನೆಗೆ ಬೆಟ್ಟ. ಹುಟ್ಟಿದಾಗಿನಿಂದ ಸಮುದ್ರ ಎಡಗಡೆ ಇಟ್ಟುಕೊಂಡು ನಡೆದವಳು ನಾನು. "ಸಮುದ್ರವೇ ಇಲ್ಲದಿದ್ದರೆ ದಿಕ್ಕು ಹೇಗೆ ಗೊತ್ತಾಗತ್ತೆ?" ಅಂತ ಕೇಳಿದೆ. ಹಿಲಾರಿಯಾ ನನ್ನ ಪೆಟ್ಟಿಗೆ ಎತ್ತಿಕೊಂಡು, "ಬೆಟ್ಟ ಇರೋ ಕಡೆ ಗಂಡಸರು, ಈ ಕಡೆ ಅಡುಗೆಮನೆ. ಇಲ್ಲಿ ಇರೋದು ಎರಡೇ ದಿಕ್ಕು" ಅಂದರು. ಅವರು ವಿಧವೆ, ನಮ್ಮೂರು ಮುಂಡಾಕದ ಪಕ್ಕದ ಹಳ್ಳಿಯವರೇ. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ನನಗೆ ಅಡುಗೆಮನೆಯಲ್ಲಿ ಕೆಲಸ, ಮಹಡಿಯ ಮೇಲೆ ಒಂದು ಕೋಣೆ ಕೊಟ್ಟರು.

ಏಪ್ರಿಲ್ಲಿನಲ್ಲಿ ಅವನು ಬಂದ. ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಬಾಗಿಲಲ್ಲಿ ಗಡ್ಡದ ಮನುಷ್ಯನೊಬ್ಬ ಟೋಪಿ ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ. ಊಟಕ್ಕೆ ಬಂದ ಯಾರೋ ಇರಬೇಕು ಅಂತ, "ಹನ್ನೆರಡಕ್ಕೆ ಬನ್ನಿ" ಅಂದುಬಿಟ್ಟೆ.

ಅವನು ಟೋಪಿ ತಿರುಗಿಸುವುದು ನಿಲ್ಲಿಸಿ, "ಬಂದ್ಯಾ?" ಅಂದ.

ಆ ದನಿಯಿಂದ ಗುರುತು ಹಿಡಿದೆ ಅಕ್ಕ, ಮುಖದಿಂದಲ್ಲ. "ಬಂದೆ" ಅಂದೆ. ಅಷ್ಟೇ. ಆರು ವರ್ಷದ ಮೇಲೆ ಗಂಡ ಹೆಂಡತಿ ಆಡಿದ್ದು ಆ ಎರಡು ಮಾತು.

ಮೇಜಿನ ಮುಂದೆ ಎಲ್ಲರ ಜೊತೆ ಕೂರದೆ ತಟ್ಟೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ನಿಂತೇ ಉಂಡ. ಕೋಣೆಗೆ ಬರಲಿಲ್ಲ. ಹಿಂದಿನ ಜಗಲಿಯ ಹಲಗೆಯ ಮೇಲೆ ಕಂಬಳಿ ಹೊದ್ದು ಮಲಗಿದ. ನಾನು ಕೇಳಿದ್ದಕ್ಕೆಲ್ಲ ತಲೆಯಾಡಿಸುವುದು, ಇಲ್ಲವೇ ನೆಲ ನೋಡುವುದು. ಕೆಲವೇ ದಿನ ಇದ್ದು ಮತ್ತೆ ಕುರಿಗಳ ಹತ್ತಿರ ಹೊರಟುಹೋದ.

ಅವತ್ತು ಹಿಲಾರಿಯಾರನ್ನು ಹಿಡಿದುಕೊಂಡು ಕೇಳಿದೆ, "ನಿಜ ಹೇಳಿ, ಅವನಿಗೆ ಇಲ್ಲಿ ಬೇರೆ ಯಾರಾದರೂ ಇದ್ದಾಳಾ?"

"ಇದ್ದಾರಲ್ಲ, ಎರಡು ಸಾವಿರ ಜನ! ಎಲ್ಲರೂ ಉಣ್ಣೆ ಹೊದ್ದವರು. ಅದರಲ್ಲಿ ಯಾವಳ ಮೇಲೆ ನಿನಗೆ ಅನುಮಾನ?" ಅಂದರು. ಆಮೇಲೆ ನನ್ನ ಮುಖ ನೋಡಿ, ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತರು. "ನೋಡು, ವಾಪಸ್ ಹೋಗ್ತೀನಿ ಅಂದ್ರೆ ಹೋಗು. ಯಾರೂ ನಗಲ್ಲ. ನನ್ನ ಕಣ್ಣೆದುರೇ ಹಾಗೆ ಹೋದವರಿದ್ದಾರೆ. ಆದರೆ ಅವನು ನಿನ್ನನ್ನ ಬೇಡ ಅಂತಿಲ್ಲ. ಅವನಿಗೆ ಮಾತು ಬತ್ತಿಹೋಗಿದೆ."

ಒಲೆಯ ಪಕ್ಕ ಮುದುಕ ಫ್ರುಟೋಸ್ ಕೂತಿದ್ದ. ಜೀವಮಾನವೆಲ್ಲ ಕುರಿ ಕಾಯ್ದು ಈಗ ಇಸ್ಪೀಟಿನಲ್ಲಿ ಮೋಸ ಮಾಡುತ್ತಾ ಕಾಲ ಕಳೆಯುವವನು. "ಏ ಹುಡುಗಿ," ಅಂದ, "ಬೆಟ್ಟದ ಮೇಲೆ ನಾವು ಮಾತಾಡಿದ್ರೆ ಉತ್ತರ ಬರಲ್ಲ. ವರ್ಷಗಟ್ಟಲೆ ಉತ್ತರ ಬರದೇ ಇದ್ರೆ, ಆಮೇಲೆ ಯಾರಾದ್ರೂ ಉತ್ತರ ಕೊಟ್ಟಾಗ ಹೆದರಿಕೆ ಆಗತ್ತೆ. ನಾನು ಊರಿಗಿಳಿದ ಮೊದಲ ವರ್ಷ ಅಂಗಡಿಯವನು ಏನ್ ಬೇಕು ಅಂದಿದ್ದಕ್ಕೆ ಓಡಿಬಂದಿದ್ದೆ."

"ಹಾಗಾದ್ರೆ ನಾನು ಅಲ್ಲಿಗೇ ಹೋಗ್ತೀನಿ" ಅಂದೆ. ಯೋಚಿಸಿ ಅಂದಿದ್ದಲ್ಲ, ಬಾಯಿಂದ ಬಂತು.

ಕುರಿಗಳ ಯಜಮಾನ ಅಮೆರಿಕದವನು. ಹೆಂಗಸರಿಗೆ ಬೆಟ್ಟದ ಮೇಲೆ ಜಾಗವಿಲ್ಲ ಅಂದ. ಹಿಲಾರಿಯಾ ಚರ್ಚಿಗೆ ಹಾಕುವ ಭಾನುವಾರದ ಟೋಪಿ ಹಾಕಿಕೊಂಡು ಹೋಗಿ, "ನಿಮ್ಮ ಆಳು ಹುಚ್ಚನಾದ್ರೆ ಕುರಿ ನೀವೇ ಮೇಯಿಸ್ತೀರಾ?" ಅಂತ ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ಕೇಳಿದರಂತೆ. ಅವನಿಗೆ ಎಷ್ಟು ಅರ್ಥವಾಯಿತೋ, ಬೇಸಿಗೆ ಮುಗಿಯುವವರೆಗೆ ಆಗಲಿ ಅಂದ.

ಜೂನಿನಲ್ಲಿ ಹೊರಟೆ. ಬೆಟ್ಟದ ಬಿಡಾರಗಳಿಗೆ ದಿನಸಿ, ಟಪಾಲು ತಲುಪಿಸುವವನು ಪ್ಲಾಸಿಡೊ ಅಂತ, ಅವನೂ ನಮ್ಮವನೇ. ದಾರಿ ಇರುವಷ್ಟು ದೂರ ಟ್ರಕ್ಕಿನಲ್ಲಿ, ಆಮೇಲೆ ಹೇಸರಗತ್ತೆಯ ಮೇಲೆ. ಗರಗಸ ಮೇಲುಮುಖ ಮಾಡಿಟ್ಟ ಹಾಗೆ ಶಿಖರಗಳು, ಸಂದಿಯಲ್ಲಿ ಇನ್ನೂ ಹಿಮ. ಕೆಳಗೆ ಹುಲ್ಲಿನಲ್ಲಿ ಬಟ್ಟೆಯಿಂದ ಮಾಡು ಕಟ್ಟಿದ ಕುರಿಗಾಡಿ. ಅದೇ ಅವನ ಮನೆ. ಒಳಗೆ ಒಂದು ಮಂಚ, ಒಂದು ಒಲೆ, ತೆರೆದು ಮುಚ್ಚುವ ಹಲಗೆಯ ಮೇಜು. ದೋಣಿಯ ಒಳಗಿದ್ದ ಹಾಗೇ ಅನ್ನಿಸಿತು.

ಇಸಿದ್ರೊ ನನ್ನನ್ನು ನೋಡಿ, ಪ್ಲಾಸಿಡೊನ ಕಡೆ ತಿರುಗಿದ.

"ಹಿಟ್ಟು, ಉಪ್ಪು, ಹೆಂಡ್ತಿ," ಅಂದ ಪ್ಲಾಸಿಡೊ. "ಎಲ್ಲ ಸರಿಯಾಗಿದ್ಯಾ ನೋಡ್ಕೋ. ಒಮ್ಮೆ ಇಳಿಸಿದ ಸಾಮಾನು ವಾಪಸ್ ತಗೊಳ್ಳಲ್ಲ."

ಮೊದಲ ವಾರ ಹಾಗೇ ಕಳೆಯಿತು. ಅವನು ಬೆಳಗಾದರೆ ಕುರಿಗಳ ಹಿಂದೆ. ನಾನು ರೊಟ್ಟಿ ಸುಡುವುದು ಕಲಿತೆ. ನೆಲದಲ್ಲಿ ಗುಂಡಿ ತೋಡಿ, ಕೆಂಡ ಹಾಕಿ, ಕಬ್ಬಿಣದ ಪಾತ್ರೆ ಹೂಳುವುದು. ಮೊದಲನೆಯದು ಕಲ್ಲಾಯಿತು. ಅವನು ಅದನ್ನೂ ಸುಮ್ಮನೆ ತಿಂದ. ಅವನು ಕಲ್ಲು ತಿನ್ನುವುದು ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಒಂದು ಮಧ್ಯಾಹ್ನ ನಾನು ಗಾಡಿಯೊಳಗೆ ಪಾತ್ರೆ ತಿಕ್ಕುತ್ತಿದ್ದೆ. ಹೊರಗೆ ಮಾತು ಕೇಳಿಸಿತು. ಪ್ಲಾಸಿಡೊ ಬಂದನೇನೋ ಅಂದುಕೊಂಡೆ. ಅಲ್ಲ, ಇಸಿದ್ರೊ ನಾಯಿಯ ಹತ್ತಿರ ಮಾತಾಡುತ್ತಿದ್ದ. ಬೆಲ್ಟ್ಸ ಅಂತ ಅದರ ಹೆಸರು, ಹೆಸರಿಗೆ ತಕ್ಕ ಹಾಗೆ ಕರಿಯ ಅಂದರೆ ಕರಿಯ. ಅದರ ಹತ್ತಿರ ಮಾತು ನಮ್ಮ ಭಾಷೆಯಲ್ಲಿ, ಮುಂಡಾಕದ ರಾಗದಲ್ಲಿ, ಸರಾಗವಾಗಿ!

"ಇವತ್ತಿನ ರೊಟ್ಟಿ ಚೆನ್ನಾಗಿತ್ತು ಕಣೋ ಬೆಲ್ಟ್ಸ. ಹೇಳ್ಬೇಕು ಅಂತ ಬಂದೆ, ನೋಡು, ಗಾಡಿ ಹತ್ತಿರ ಬಂದರೆ ಮಾತೇ ಮರೆತುಹೋಗತ್ತೆ. ಅವಳು ಸೊರಗಿದ್ದಾಳೆ. ನಿನಗೂ ಹಾಗನ್ಸತ್ತಾ?"

ಕೈಯಲ್ಲಿದ್ದ ಪಾತ್ರೆ ಹಾಗೇ ಹಿಡಿದು ನಿಂತೆ. ಹೊರಗೆ ಹೋದರೆ ಮಾತು ಹಾರಿಹೋಗುತ್ತದೆ ಅಂತ ಗೊತ್ತಿತ್ತು. ಅದಕ್ಕೆ ಒಳಗಿನಿಂದಲೇ ಕೂಗಿದೆ, "ಬೆಲ್ಟ್ಸ! ನಿನ್ನ ಯಜಮಾನನಿಗೆ ಹೇಳು, ಸೊರಗಿಲ್ಲ, ಇಲ್ಲಿಯ ಬಿಸಿಲಿಗೆ ಒಣಗಿದ್ದೀನಿ ಅಂತ."

ಕೆಡಿಸಿದೆ ಅಂದುಕೊಂಡೆ. ಎಷ್ಟೋ ಹೊತ್ತಾದ ಮೇಲೆ, "ಬೆಲ್ಟ್ಸ, ನೆರಳಲ್ಲಿ ಕೂರೋಕೆ ಹೇಳು" ಅಂತ ಕೇಳಿಸಿತು.

ಆಮೇಲೆ ಆ ಬೇಸಿಗೆಯೆಲ್ಲ ನಾವು ನಾಯಿಯ ಮೂಲಕ ಸಂಸಾರ ಮಾಡಿದೆವು ಅಕ್ಕ. ನಗಬೇಡ. ನಾನು, "ಬೆಲ್ಟ್ಸ, ಸಾರಿಗೆ ಉಪ್ಪು ಸಾಲದು ಅಂತಾನಾ ಕೇಳು." ಅವನು, "ಬೆಲ್ಟ್ಸ, ಡೊಮಿನಿಕಾಗೆ ಎಷ್ಟು ಮಕ್ಕಳು ಈಗ, ಕೇಳು." ಪಾಪ ಅದು ಒಮ್ಮೆ ಅವನ ಮುಖ, ಒಮ್ಮೆ ನನ್ನ ಮುಖ ನೋಡಿ ಸುಸ್ತಾಗಿ ಗಾಡಿಯ ಕೆಳಗೆ ನುಸುಳಿಬಿಡುತ್ತಿತ್ತು. ಆಗ ಇಬ್ಬರೂ ಸುಮ್ಮನಾಗುತ್ತಿದ್ದೆವು, ಅದು ಹೊರಗೆ ಬರಲಿ ಅಂತ ಕಾಯುತ್ತಾ.

ಆಗಸ್ಟಿನಲ್ಲಿ ಒಂದು ದಿನ ಊಟದ ಹೊತ್ತಿಗೆ ಆಕಾಶ ಕಪ್ಪಾಗಿ ಆಲಿಕಲ್ಲು ಸುರಿಯಿತು. ಗುಡುಗಿಗೆ ಕುರಿಗಳು ಬೆದರಿ ಇಳಿಜಾರಿನ ಕಡೆ ನುಗ್ಗಿದವು. ನಾನು ಕಬ್ಬಿಣದ ಪಾತ್ರೆ, ಸೌಟು ಹಿಡಿದು ಬಡಿಯುತ್ತಾ ಅವುಗಳಿಗೆ ಅಡ್ಡ ಓಡಿದೆ. ಆಲಿಕಲ್ಲಿನ ಹೊಡೆತಕ್ಕೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಆಗ ಹಿಂದಿನಿಂದ ಕೂಗು.

"ಸಬಿನಾ! ನಿಲ್ಲು! ಸಬಿನಾ, ಮುಂದೆ ಪ್ರಪಾತ ಇದೆ ಕಣೇ, ನಿಲ್ಲು!"

ನಿಂತೆ. ನನ್ನ ಕಾಲಿನ ಮುಂದೆ ಹುಲ್ಲಿತ್ತು, ಅದರ ಮುಂದೆ ಏನೂ ಇರಲಿಲ್ಲ. ಅವನು ಓಡಿಬಂದು ನನ್ನ ತೋಳು ಹಿಡಿದ. ಬೆಲ್ಟ್ಸ ಕುರಿಗಳನ್ನು ತಾನೇ ತಿರುಗಿಸಿತು, ಕೆಲವು ಮಾತ್ರ ಪ್ರಪಾತಕ್ಕೆ ಬಿದ್ದು ಹೋದವು. ಇಬ್ಬರೂ ವಾಪಸ್ ಓಡಿ ಗಾಡಿಯ ಕೆಳಗೆ ನುಸುಳಿ ಕೂತೆವು. ಅವನು ಟೋಪಿ ಕೊಡವಿದ. "ನಿನ್ನ ತಲೇಲಿ ಏನಿದೆ? ಪಾತ್ರೆ ಬಡಿದ್ರೆ ಕುರಿ ಇನ್ನೂ ಓಡತ್ತೆ, ನಿಲ್ಲಲ್ಲ. ಯಾರು ಹೇಳಿಕೊಟ್ಟರು ನಿನಗೆ? ಬಲೆ ಹೆಣೆಯೋಳು ಬಲೆ ಹೆಣೀಬೇಕು" ಅಂತ ಬೈದ. ಬೈದ, ಬೈದ, ಆಲಿಕಲ್ಲು ನಿಂತರೂ ಬೈಯುತ್ತಲೇ ಇದ್ದ. ನಾನು ಅಳುತ್ತಾ ನಗುತ್ತಿದ್ದೆ. ನಾಯಿಗಲ್ಲ, ನನಗೇ ಬೈಯುತ್ತಿದ್ದಾನೆ ಅಂತ ಅವನಿಗೆ ಗೊತ್ತಾಗುವ ಹೊತ್ತಿಗೆ ಬಿಸಿಲು ಬಂದಿತ್ತು.

ಮರುದಿನ ನನ್ನನ್ನು ಬಿಳಿ ತೊಗಟೆಯ ಮರಗಳ ತೋಪಿಗೆ ಕರೆದುಕೊಂಡು ಹೋದ. ಕುರಿಗಾಹಿಗಳು ಆ ತೊಗಟೆಯ ಮೇಲೆ ಚಾಕುವಿನಲ್ಲಿ ಹೆಸರು, ಊರು, ಕೆಲವರು ಹೇಳಬಾರದ ಚಿತ್ರ, ಎಲ್ಲ ಕೆತ್ತಿದ್ದಾರೆ. ಇಸಿದ್ರೊ ಮರದಿಂದ ಮರಕ್ಕೆ ನಮ್ಮ ಅಪ್ಪನ ದೋಣಿ ಕೆತ್ತಿದ್ದಾನೆ. ಬೇಸಿಗೆಗೊಂದು. ಹಳೆಯವು ಮರದ ಜೊತೆಗೇ ಹಿಗ್ಗಿ ಅಗಲವಾಗಿವೆ. "ಚುಕ್ಕಾಣಿ ಎಲ್ಲಿ? ಮೀನುಗಾರನ ಮಗಳಿಗೆ ಇದನ್ನ ದೋಣಿ ಅಂತ ತೋರಿಸ್ತೀಯಾ?" ಅಂದೆ. ನಕ್ಕ ಅಕ್ಕ. ಹಲ್ಲು ಒಂದು ಹೋಗಿದೆ, ನನಗೆ ಗೊತ್ತೇ ಇರಲಿಲ್ಲ.

ಈಗ ಇಳಿದು ಬಂದಿದ್ದೇವೆ. ಮುಂದಿನ ವರ್ಷ ಅವನು ಬೆಟ್ಟಕ್ಕೆ ಹೋಗುವುದಿಲ್ಲ, ಊರಂಚಿನ ಮರ ಕೊಯ್ಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಯಜಮಾನ ಬೆಲ್ಟ್ಸನನ್ನು ಬಿಟ್ಟುಕೊಡಲಿಲ್ಲ, ಕುರಿಗಳ ಜೊತೆ ಅದು ಬೇಕೇ ಬೇಕಂತೆ. ಬೀಳ್ಕೊಟ್ಟ ದಿನ ಇಸಿದ್ರೊ ಊಟ ಮಾಡಲಿಲ್ಲ. ಹಿಲಾರಿಯಾರ ಮನೆಯ ಹಿಂದೆಯೇ ಎರಡು ಕೋಣೆ ಹಿಡಿದಿದ್ದೇವೆ. ಕಿಟಕಿ ತೆರೆದಿಟ್ಟರೆ ಒಳಗೆ ಮಲಗುತ್ತಾನೆ. ನನಗೆ ಎರಡು ಕಂಬಳಿ ಬೇಕಾಗುತ್ತದೆ, ಇರಲಿ. ಹೋದ ಭಾನುವಾರ ಮೊದಲ ಸಲ ಎಲ್ಲರ ಜೊತೆ ಮೇಜಿಗೆ ಕೂತು, "ಉಪ್ಪು ಈ ಕಡೆ ಕೊಡಿ" ಅಂದ. ಇಡೀ ಮೇಜು ಅವನ ಕಡೆ ತಿರುಗಿತು. ಫ್ರುಟೋಸ್ ಚಮಚ ಕೆಳಗಿಟ್ಟು, "ಅಯ್ಯೋ, ಇವನ ಭಾಷಣ ಶುರುವಾಯ್ತಲ್ಲಪ್ಪಾ" ಅಂದ. ಇಸಿದ್ರೊನ ಕಿವಿ ಕೆಂಪಾಯಿತು. ಆದರೂ ಎದ್ದು ಹೋಗಲಿಲ್ಲ.

ನಾನು ಚೆನ್ನಾಗಿದ್ದೇನೆ. ಸಮುದ್ರ ನೆನಪಾಗುತ್ತದೆ, ದಿನವೂ ಅಲ್ಲ. ಭಾವನಿಗೆ ಹೇಳು, ಸೊಂಟಕ್ಕೆ ಇಲ್ಲಿ ಕುರಿಯ ಉಣ್ಣೆಯ ಪಟ್ಟಿ ಕಟ್ಟುತ್ತಾರೆ, ಕ್ರಿಸ್ಮಸ್ಸಿಗೆ ಒಂದು ನೇಯ್ದು ಕಳಿಸುತ್ತೇನೆ. ನಿನ್ನ ಮಕ್ಕಳೆಲ್ಲ ದೋಣಿ ಹತ್ತಿದ ಹಾಗೇ ಸುಖವಾಗಿ ದಡಕ್ಕೆ ಬರಲಿ. ನಿನ್ನ ಮನೆಯ ಒಲೆ ಆರದೆ ಇರಲಿ. ಆ ತಾಯಿ ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಸಬಿನಾ

ಮರೆತಿದ್ದು:

ಮರೆತಿದ್ದು ಅಂತ ಬರೆದೆ, ಮರೆತಿರಲಿಲ್ಲ. ಮೇಲೆ ಬರೆಯಲು ಆಗಲಿಲ್ಲ.

ಮೊನ್ನೆ ಬೆಳಗ್ಗೆ ಕಾಫಿ ಕುಡಿಯುತ್ತಾ ಇಸಿದ್ರೊ ನಮ್ಮ ಮಗು ಕೋಸ್ಮೆಯ ಹೆಸರೆತ್ತಿದ. ಅವನು ಈ ದೇಶಕ್ಕೆ ಹೊರಟಾಗ ಮಗು ಇನ್ನೂ ನನ್ನ ಹೊಟ್ಟೆಯಲ್ಲಿತ್ತು. ಗಂಡುಮಗು ಹುಟ್ಟಿದೆ ಅಂತ ನೀನು ಬರೆದ ಕಾಗದ ದಾರಿ ತಪ್ಪಿ ಬೇರೆ ಬಿಡಾರಗಳನ್ನೆಲ್ಲ ಸುತ್ತಿತಂತೆ. ಮಗು ಜ್ವರದಲ್ಲಿ ಹೋಯಿತು ಅಂತ ಮೂರು ತಿಂಗಳ ಮೇಲೆ ಬರೆದ ಕಾಗದವೂ ಅದೂ ಒಂದೇ ದಿನ, ಹಿಟ್ಟಿನ ಚೀಲದ ಜೊತೆ ಅವನ ಕೈಗೆ ಬಂದವಂತೆ. ಯಾವುದನ್ನು ಮೊದಲು ಓದಿದೆ ಅಂತ ನಾನು ಕೇಳಲಿಲ್ಲ. ಅವತ್ತು ಸಾಯಂಕಾಲ ಬೆಲ್ಟ್ಸನಿಗೆ ಹೇಳಿದನಂತೆ, ಬೇರೆ ಯಾರಿಗೂ ಹೇಳಲಿಲ್ಲವಂತೆ.

ಈಗ ನನ್ನನ್ನು ಕೇಳಿದ, "ಅವನ ಕಣ್ಣು ಯಾವ ಬಣ್ಣ ಇತ್ತು?"

ಅಕ್ಕ, ಮಗುವಿನ ಭಾರ ನನ್ನ ಕೈಗೆ ಗೊತ್ತು. ಮಣಿಕಟ್ಟಿನ ಮಡಿಕೆ, ನೆತ್ತಿಯ ವಾಸನೆ, ಹಾಲು ಕುಡಿಯುವಾಗ ಮೂಗಿನಿಂದ ಹೊರಡುತ್ತಿದ್ದ ಸದ್ದು, ಎಲ್ಲ ಹೇಳಿದೆ. ಕಣ್ಣಿನ ಬಣ್ಣ ನೆನಪಿಗೆ ಬರಲಿಲ್ಲ. ಅವನು ಕಾಯುತ್ತಿದ್ದ. ಅಕ್ಕನನ್ನ ಕೇಳಿ ಹೇಳ್ತೀನಿ ಅಂದೆ.

ಕೊನೆಗೆ ಮಗುವಿನ ರೆಪ್ಪೆ ಮುಚ್ಚಿದ್ದು ನೀನು. ನೀನು ನೋಡಿರುತ್ತೀಯ. ಬರೆದು ಕಳಿಸು. ನಿನಗೂ ನೆನಪಿಲ್ಲದಿದ್ದರೆ, ನೆನಪಿಲ್ಲ ಅಂತ ಬರೆಯಬೇಡ. ಯಾವುದಾದರೂ ಒಂದು ಬಣ್ಣ ಬರೆ.