ಬೆಳ್ಳಕ್ಕಿ ಲೈಟ್ ಹಾಕಿದ್ದು

ಜನವರಿ 6, ಸೋಮವಾರ

ರೆಕಾರ್ಡಿಂಗ್ ಮತ್ತೆ ಕೆಟ್ಟಿತು. ಬೊಂಬೆ ಅಂಗಡಿ ಹಿಂದಿನ ಗೋಡೌನೇ ನನ್ನ ಸ್ಟುಡಿಯೋ, ಅದರ ಹಿಂದೇನೇ ರೈಲು ಹಳಿ. ಕ್ಯಾಪ್ಟನ್ ಹೊಸ ಗ್ರಹದ ಮೇಲೆ ಕಾಲಿಡೋ ಹೊತ್ತಿಗೆ ಸರಿಯಾಗಿ ಮೈಸೂರು ರೈಲು ಕೂಗಬೇಕಾ! ತೆಗೆಯೋಣ ಅಂದ್ರೆ ಕೇಳುಗರು ಬಯ್ತಾರೆ. ಅದು ನನ್ನ ಆಡಿಯೋ ಸೀರಿಯಲ್‌ನ ಆಕಾಶನೌಕೆ ಬೆಳ್ಳಕ್ಕಿಯ ಹಾರನ್ ಅಂದ್ಕೊಂಡಿದ್ದಾರೆ. ಇರಲಿ ಬಿಡು, ನನ್ನ ನೌಕೆ ಚನ್ನಪಟ್ಟಣದ್ದೇ ತಾನೇ.

ಮಾವ ಎಂದಿನಂತೆ ಗೋಣಿಚೀಲದ ಮೇಲೆ ಕೂತು ಕೇಳಿದ್ರು. ಭಾನುವಾರ ಆಪ್‌ನಲ್ಲಿ ಬಂದಾಗ ಮತ್ತೆ ಕೇಳ್ತಾರೆ. "ಅಲ್ಲಿ ಯಾರೂ ಯಾರ್ಗೂ ಹೊಡ್ಯಲ್ಲ, ಅಲ್ವೇನವ್ವಾ? ಬಲೇ ಚೆನ್ನಾಗೈತೆ." ಅತ್ತೆ ಗಲ್ಲಾದಿಂದಲೇ ಕೂಗಿದ್ರು: "ಇವ್ರನ್ನೂ ಕರ್ಕಂಡೋಗಿ ಅಲ್ಲೇ ಬುಟ್ಬಾರವ್ವಾ, ನಂಗೂ ಒಸಿ ನೆಮ್ಮದಿ!"

ನಗ್ತಾ ನಗ್ತಾ ಇನ್ನೊಂದು ಟೇಕ್. ಇಂಥ ಮನೆ ಯಾರಿಗೆ ಸಿಗುತ್ತೆ!

ಜನವರಿ 8, ಬುಧವಾರ

ಆಪ್‌ನ ಆಯಿಷಾ ಫೋನ್. "ಮೇಡಂ, ಒಂದು ಯುದ್ಧ ಹಾಕಿ. ಎಲ್ಲಾರೂ ಒಳ್ಳೇವ್ರೇ ಆದ್ರೆ ಯಾರು ಕೇಳ್ತಾರೆ? ಹಿಂಗೇ ಇದ್ರೆ ಸೀರಿಯಲ್ ಇಲ್ಲಿಗೇ ನಿಲ್ಲಿಸ್ತಾರಂತೆ." ಕೆಟ್ಟವಳಲ್ಲ ಪಾಪ. ನನ್ನ ಮೊದಲ ಕಥೆ ನಂಬಿದವಳೇ ಅವಳು.

ಬೆಳ್ಳಕ್ಕಿ ನಿಂತುಹೋದ್ರೆ... ಬೇಡಪ್ಪಾ. ಯುದ್ಧ ಹಾಕ್ತೀನಿ. ಎಪ್ಪತ್ತೊಂದರ ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿದ ರುದ್ರಯ್ಯನವರ ಸೊಸೆ ನಾನು! ಮಾವನ್ನ ಕೇಳಿದೆ, ಯುದ್ಧ ಹೆಂಗಿರುತ್ತೆ ಅಂತ. "ಸದ್ದು ಜಾಸ್ತಿ" ಅಂದ್ರು. ಎದ್ದು ಹೋದ್ರು. ತಮ್ಮ ಮದುವೆ ಆದಾಗಿಂದ ಯುದ್ಧ ಅಂದ್ರೆ ಅಷ್ಟೇ ಅಂತೆ, ಅತ್ತೆ ಹೇಳಿದ್ರು.

ಸರಿ, ಈ ಭಾನುವಾರದ ಕಂತಿನ ಕೊನೆಗೆ ನಾನೇ ಕಟ್ಟಿಕೊಂಡು ಬರೆದು ಸೇರಿಸಿದೆ. ಅಪರಿಚಿತ ನೌಕೆಯೊಂದು ಎದುರಾಗುತ್ತೆ. ಬೆಳ್ಳಕ್ಕಿಯವರು ಲೈಟೆಲ್ಲ ಆರಿಸಿ, ಗುರಿ ಇಟ್ಟು ಕಾಯ್ತಾರೆ. ಗುಂಡು ಹಾರಿಸೋಕೆ ಹೇಳಲು ಕ್ಯಾಪ್ಟನ್ ಕೈ ಎತ್ತಿದಲ್ಲಿಗೆ ಕಂತು ಮುಗೀತು. ಮುಂದಿನ ಕಂತಿನ ಸ್ಫೋಟಕ್ಕೆ ಉದಯ್ ಎಣ್ಣೆ ಡಬ್ಬ ಬಡಿದು ನೋಡ್ತಿದ್ದಾರೆ. ಗಂಡನಿಗೆ ಇಷ್ಟು ಖುಷಿ ನಾನು ಒಬ್ಬಟ್ಟು ಮಾಡಿದಾಗಲೂ ಇರಲ್ಲ.

ಜನವರಿ 12, ಭಾನುವಾರ

ಕಂತು ಬಂತು. ಆಯಿಷಾ ಒಂದೇ ಸಮನೆ ಬೆಂಕಿ ಇಮೋಜಿ ಕಳಿಸ್ತಿದ್ದಾಳೆ. ಕೇಳುಗರು ಏರಿದ್ದಾರಂತೆ.

ಮಾವ 'ಲೈಟ್ ಆರಿಸಿ' ಅನ್ನೋ ಮಾತಿನವರೆಗೆ ಕೇಳಿದ್ರು. ಫೋನ್ ನನ್ನ ಕೈಗೆ ಕೊಟ್ರು. "ಆಮ್ಯಾಕೆ ಕೇಳ್ತೀನಿ."

ಕೇಳಲಿಲ್ಲ.

ಜನವರಿ 14, ಸಂಕ್ರಾಂತಿ

ಎಳ್ಳು ಬೀರೋಕೆ ಬಂದವರ ಹತ್ರ ಮಾವ ನಕ್ಕೊಂಡೇ ಮಾತಾಡಿದ್ರು. ನನಗೂ ಕಬ್ಬು ಕೊಟ್ರು. ಬೆಳ್ಳಕ್ಕಿ ಸುದ್ದಿ ಮಾತ್ರ ಎತ್ತಲಿಲ್ಲ. ಗೋಡೌನ್ ಕಡೆ ತಲೆ ಹಾಕಿಲ್ಲ. ಆ ಗೋಣಿಚೀಲದ ಮೇಲೆ ಧೂಳು ಕೂತಿದೆ.

ಜನವರಿ 18, ಶನಿವಾರ

ಒಂದು ಸಾಲೂ ಆಗಲಿಲ್ಲ. ಜ್ವರ ಅಂತ ಆಯಿಷಾಗೆ ಸುಳ್ಳು ಹೇಳಿದೆ. ನಾಳೆ ಹಳೇ ಕಂತೇ ಹಾಕ್ತಾಳಂತೆ. ಮಾವ ಕೇಳದ ಬೆಳ್ಳಕ್ಕಿ ಇಟ್ಕೊಂಡು ಏನು ಮಾಡ್ಲಿ ನಾನು?

ಜನವರಿ 21, ಮಂಗಳವಾರ, ಮಧ್ಯಾಹ್ನ

ತಡೆಯೋಕಾಗಲಿಲ್ಲ. ಊಟ ಆದ ಮೇಲೆ ಕೇಳೇಬಿಟ್ಟೆ. "ಮಾವ, ನನ್ನ ಮೇಲೆ ಬೇಜಾರಾ?"

"ನಿನ್ ಮ್ಯಾಲೆ ಯಾಕವ್ವಾ ಬೇಜಾರು? ಯುದ್ಧ ಇಲ್ದಿರೋ ಜಾಗ ಅಂತ ಅದೊಂದಿತ್ತು ನಂಗೆ. ಅಲ್ಗೂ ಬಂದ್ಬುಡ್ತಲ್ಲ."

ಎಲೆ ಅಡಿಕೆ ತಟ್ಟೆ ಮುಂದಿಟ್ಟೆ. ಅವರೇ ಶುರು ಮಾಡಿದ್ರು.

"ರಾತ್ರಿ ಹೊತ್ತು ಲೈಟ್ ಹಾಕಂಗಿರ್ಲಿಲ್ಲ. ಲಾರಿ ಹಿಂದ್ಗಡೆ, ಅಡೀಲಿ, ಒಸಿ ಬಿಳೀ ಬಣ್ಣ ಬಳ್ದು ಒಂದು ಪುಟಾಣಿ ಬಲ್ಬು ಇಟ್ಟಿರೋರು. ಮುಂದಿನ್ ಗಾಡೀಲಿ ಹೊಳಿಯೋ ಆ ಚುಕ್ಕೆ ನೋಡ್ಕಂಡೇ ಹೋಗ್ಬೇಕು. ನನ್ ಮುಂದೆ ಮುನಿಶಾಮಯ್ಯ. ನಮ್ ಮಾಗಡಿ ಕಡೆ ಕಲ್ಯ ಅಂತ ಊರ್ನೋನು. ದಿನಾ ಅವನ ಚುಕ್ಕೆ ಹಿಡ್ಕಂಡೇ ಹೋಯ್ತಿದ್ದೆ. ಒಂದಿನ ನೆಲ್ದಲ್ಲಿ ಹೂತಿದ್ದ ಮೈನು ಸಿಡೀತು. ಚುಕ್ಕೆ ಇಲ್ಲ. ಹಿಂದಿದ್ದ ನಾನು ಬ್ರೇಕ್ ತುಳ್ದೆ. ಬದುಕ್ಕಂಡೆ."

ನೀರು ಕುಡಿದ್ರು.

"ಆಮ್ಯಾಕೆ ಯುದ್ಧ ನಿಲ್ತು. ಸಾಹೇಬ್ರು ಬಂದು, ಲೈಟ್ ಹಾಕ್ರೋ ಅಂದ್ರು. ಸಾಲಾಗಿ ಎಲ್ಲಾ ಲಾರಿ ಹೆಡ್‌ಲೈಟೂ ಹತ್ಕಂಡ್ವು. ಒಸಿ ಹೊತ್ಗೆ ಹೊಳೆ ಆಚೆ ಎದ್ರಾಳಿ ಕಡೆಯೋರೂ ಹಾಕುದ್ರು ಕಣವ್ವಾ! ಅಲ್ಲೂ ನಮ್ಮಂಗೆ ಡ್ರೈವರ್‌ಗಳು ಅವ್ರೆ ಅಂತ ಅವತ್ತು ಕಂಡಿದ್ದು. ಅತ್ಬುಟ್ಟೆ. ಮುನಿಶಾಮಿ ಒಬ್ಬ ನೋಡ್ಲಿಲ್ಲ."

"ಹಂಗಾದ್ರೆ ಕಥೇಲಿ ಯುದ್ಧ ಬೇಡ್ವಾ, ಮಾವ?"

"ಬ್ಯಾಡ ಅಂದ್ರೆ ಆದದ್ದು ಹೋಯ್ತದಾ? ನೆಪ್ಪಾಗಿ ಇರ್ಲಿ. ಯುದ್ಧಕ್ಕೆ ಹೋಗ್ಬಂದೋನು ಒಬ್ಬ ಆ ನೌಕೇಲಿ ಇರ್ಬೇಕು. ಇಲ್ದಿದ್ರೆ, ಲೈಟ್ ಹಾಕ್ರಲಾ ಅಂತ ಹುಡುಗ್ರಿಗೆ ಹೇಳೋರ್ಯಾರು?"

ಒಳಗೆ ಬಂದು ಅತ್ತುಬಿಟ್ಟೆ. ಆ ಮನುಷ್ಯ ಮುಂದೆ ಹೋಗಿದ್ದಕ್ಕೆ ಮಾವ ಮನೆಗೆ ಬಂದ್ರು, ಉದಯ್ ಹುಟ್ಟಿದ್ರು, ನನಗೆ ಈ ಮನೆ ಸಿಕ್ತು. ಮುಖ ನೋಡದವನಿಗೆ ದೇವರ ಮನೇಲಿ ನಿಂತು ಕೈ ಮುಗಿದೆ.

ಜನವರಿ 23, ಗುರುವಾರ

ಬರೆದು ಮುಗಿಸಿದೆ! ಕ್ಯಾಪ್ಟನ್ ಎತ್ತಿದ ಕೈ ಹಾಗೇ ಇದೆ. ಎಂಜಿನ್ ರೂಮಿನಿಂದ ಮುದುಕ ಡ್ರೈವರ್ ಬರ್ತಾನೆ. ತಾನು ನೋಡಿದ ಯುದ್ಧ ಹೇಳ್ತಾನೆ. ಆಮೇಲೆ ಬೆಳ್ಳಕ್ಕಿ ಲೈಟೆಲ್ಲ ಹಾಕುತ್ತೆ. ಆಚೆ ನೌಕೆಯೂ.

ಆಯಿಷಾಗೆ ಫೋನಲ್ಲೇ ಓದಿದೆ. "ಯುದ್ಧ ಎಲ್ಲಿ ಮೇಡಂ?" "ಮುದುಕನ ಬಾಯಲ್ಲಿದೆ." ಮೂಗು ಏರಿಸಿದ ಸದ್ದು ಕೇಳಿಸ್ತು. "...ಕಳಿಸಿ. ನಿಲ್ಲಿಸೋಕೆ ಬಿಡಲ್ಲ, ಮೇಲಿನವರ ಹತ್ರ ನಾನು ಜಗಳ ಆಡ್ತೀನಿ." ಅವಳ ಹೊಟ್ಟೆ ತಣ್ಣಗಿರಲಿ.

ಮುದುಕನ ದನಿಗೆ ಉದಯ್ ಟ್ರೈ ಮಾಡಿದ್ರು. ಹಲ್ಲುನೋವು ಬಂದವರ ಹಾಗಿತ್ತು. ಮಾವನ್ನೇ ಕೇಳಿದೆ. ಸಂಜೆ ನೋಡಿದ್ರೆ ಗೋಣಿಚೀಲ ಕೊಡವುತ್ತಿದ್ರು.

ಜನವರಿ 25, ಶನಿವಾರ, ಸಂಜೆ 4

ಮಾವ ವಿಭೂತಿ ಇಟ್ಕೊಂಡು, ಇಸ್ತ್ರಿ ಶರ್ಟ್ ಹಾಕ್ಕೊಂಡು ಬಂದ್ರು. ಮುದುಕನ ಯುದ್ಧದ ಕಥೆ ನಾನೇ ಓದ್ತೀನಿ, ಅವರಿಗೆ ಬರೆದುಕೊಟ್ಟಿದ್ದು ಒಂದೇ ಸಾಲು—'ಎಲ್ಲಾ ಲೈಟ್ ಹಾಕ್ರಪ್ಪಾ.' ಮೈಕ್ ನೋಡಿದ್ರು. ಉಸಿರೆಳ್ಕೊಂಡ್ರು.

"ಮುನಿಶಾಮಿ, ಲೈಟ್ ಹಾಕ್ಲಾ. ಮುಗೀತು ಕಣ್ಲಾ. ಹಾಕು."

ಅಷ್ಟರಲ್ಲಿ ಹಿಂದೆ ರೈಲು ಕೂಗ್ತು. ಹಾಳಾಯ್ತಲ್ಲ ಅಂತ ತಲೆ ಚಚ್ಕೋಬೇಕು ನಾನು, ಮಾವ ಕಣ್ಣೊರೆಸಿಕೊಂಡು ನಕ್ಕುಬಿಟ್ರು. "ಅಗಾ, ಹಾರನ್ ಹೊಡ್ದ."

ಇನ್ನೊಂದು ಟೇಕ್ ಬೇಕಾ ಅಂತ ಉದಯ್ ಸನ್ನೆ ಮಾಡ್ತಿದ್ದಾರೆ. ಬೇಡ. ಸ್ಟಾಪ್ ಒತ್ತಿಲ್ಲ, ಓಡ್ತಾನೇ ಇದೆ. ಮಾವ ಮೈಕ್ ಮುಂದೇ ಕೂತು ಮಾತಾಡ್ತಿದ್ದಾರೆ. ಅತ್ತೆ ಗಲ್ಲಾ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಬಾಯಿಗೆ ಸೆರಗು. ಈಗ ಮುನಿಶಾಮಯ್ಯ ಅಡುಗೆ ಮಾಡಿದ ಕಥೆ. ಬಂಕರಿನಲ್ಲಿ ಮುದ್ದೆ ತಿರುವೋಕೆ ಕೋಲಿಲ್ಲದೆ ಅವನು— ಪೆನ್ ಇಡ್ತೀನಿ, ಕೇಳಬೇಕು.